ರಕ್ತ ಶುದ್ಧವಾಯಿತು, ಮನಸ್ಸು?

ಎಳನೀರಿಗೆ ಹೆಸರಾದ ಮದ್ದೂರಿನಲ್ಲೇ ಎಳನೀರು ಕುಡಿಯಲಾಗದವರಿದ್ದಾರೆ. ಮೂತ್ರಪಿಂಡಗಳು ಸೋತವರಿಗೆ ಅದರ ಪೊಟ್ಯಾಸಿಯಂ ಹೃದಯಕ್ಕೆ ಅಪಾಯ. ಕುಡಿಯುವ ನೀರಿಗೂ ಅಳತೆಯುಂಟು. ವಾರಕ್ಕೆ ಎರಡು ಮೂರು ಸಲ, ಸುಮಾರು ನಾಲ್ಕು ತಾಸು, ಡಯಾಲಿಸಿಸ್ ಯಂತ್ರದ ಪಕ್ಕದಲ್ಲೇ ಅವರ ಬದುಕು. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯು ಬಡವರ ಖರ್ಚನ್ನು ತಗ್ಗಿಸಿತು, ನಿಜ. ಆದರೆ ‘ಮನೆಯವರಿಗೆ ಹೊರೆಯಾದೆನಲ್ಲಾ’ ಎಂಬ ಕೊರಗನ್ನು ಯಾವ ಯಂತ್ರ ತೊಳೆದೀತು?

ಡಯಾಲಿಸಿಸ್ ಪಡೆಯುವವರಲ್ಲಿ ಸುಮಾರು ನಾಲ್ವರಲ್ಲೊಬ್ಬರು ಖಿನ್ನತೆಗೆ ಒಳಗಾಗುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ನಿದ್ರೆಗೇಡು, ಊಟ ಬೇಡವೆನ್ನುವುದು, ‘ಆಸ್ಪತ್ರೆ ಇನ್ನು ಸಾಕು’ ಎಂಬ ಮಾತು ಇವೆಲ್ಲವನ್ನೂ ನಾವು ಮೂತ್ರಪಿಂಡದ ಲೆಕ್ಕಕ್ಕೇ ಬರೆದುಬಿಡುತ್ತೇವೆ. ‘ವಿಶ್ವಾಸವಿಡಿ, ಧೈರ್ಯ ತಂದುಕೊಳ್ಳಿ’ ಎಂದು ಹೇಳಿ ಎದ್ದುಬಂದದ್ದೂ ಉಂಟು. ಗುರುಗಳಾದ ನಾವೂ ಈ ತಪ್ಪಿಗೆ ಹೊರತಲ್ಲ. ಖಿನ್ನತೆ ವಿಶ್ವಾಸದ ಕೊರತೆಯಲ್ಲ, ಚಿಕಿತ್ಸೆಯುಳ್ಳ ಕಾಯಿಲೆ.

ಯೋಬನ ಗೆಳೆಯರು ಏಳು ಹಗಲು, ಏಳು ಇರುಳು ಮಾತಿಲ್ಲದೆ ಅವನ ಬಳಿ ಕುಳಿತರು; ಅವರು ಎಡವಿದ್ದು ಬಾಯಿ ತೆರೆದ ಮೇಲೆಯೇ. ಮನುಷ್ಯನ ಬೆಲೆ ಅವನ ದುಡಿಮೆಯಲ್ಲಿಲ್ಲ ಎಂಬುದನ್ನು ಉಪದೇಶಕ್ಕಿಂತ ಒಡನಾಟವೇ ಚೆನ್ನಾಗಿ ತಿಳಿಸುತ್ತದೆ. ಮಂಡ್ಯ, ಮದ್ದೂರು, ಮಳವಳ್ಳಿಯ ಕುಟುಂಬಗಳು ನೆರೆಯ ರೋಗಿಯೊಡನೆ ತಿಂಗಳಿಗೊಮ್ಮೆಯಾದರೂ ಆಸ್ಪತ್ರೆಗೆ ಹೋಗಿ ಕುಳಿತುಬರಲಿ. ಕೊರಗು ಎರಡು ವಾರ ಮೀರಿದರೆ ವೈದ್ಯರಿಗೆ ತಿಳಿಸೋಣ. ಸಾವಿನ ಮಾತೆತ್ತಿದರೆ ಅಂದೇ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ.