ಎರಡೂ ಮುಕ್ಕಾಲು ಗಂಟೆಯ ಮಾತು

“ದೆಹಲಿಯೇನು ದೂರವೇ? ವಿಮಾನ ಹತ್ತಿದರೆ ಎರಡೂ ಮುಕ್ಕಾಲು ಗಂಟೆ, ಬಂದುಬಿಡಿ.” ನಾಮಕರಣವಿರಲಿ, ವೈಕುಂಠ ಸಮಾರಾಧನೆಯಿರಲಿ, ಊರಿನ ಬಂಧುಗಳು ನಮಗೆ ಹೇಳುವ ಮಾತು ಇದೇ. ಈ ಲೆಕ್ಕವನ್ನು ನಾವು ಒಪ್ಪುವುದಿಲ್ಲ.

ದೆಹಲಿ–ಬೆಂಗಳೂರು ಆಕಾಶಮಾರ್ಗ ಸುಮಾರು 1,700 ಕಿ.ಮೀ. ಗಂಟೆಗೆ 850 ಕಿ.ಮೀ. ಹಾರುವ ಜೆಟ್ ವಿಮಾನಕ್ಕೆ ಎರಡು ಗಂಟೆ ಸಾಕು. ಉಳಿದ ಮುಕ್ಕಾಲು ಗಂಟೆ ಏತಕ್ಕೆ? ರನ್‌ವೇವರೆಗೆ ಉರುಳುವುದು, ಮೇಲೇರುವುದು, ಇಳಿಯುವ ಸರದಿಗಾಗಿ ಸುತ್ತುವುದು ಎಲ್ಲ ಅದರಲ್ಲಿ ಸೇರಿವೆ. ಸಾಲದುದಕ್ಕೆ, ತಡವಾದರೂ ‘ಸಕಾಲಕ್ಕೆ ತಲುಪಿದೆವು’ ಎನ್ನಿಸಿಕೊಳ್ಳಲು ಕಂಪನಿಗಳು ಒಂದಿಷ್ಟು ನಿಮಿಷ ಕೂಡಿಸಿಯೇ ವೇಳಾಪಟ್ಟಿ ಮಾಡುತ್ತವೆ. ತಮ್ಮ ನಿಮಿಷಗಳ ಬಗ್ಗೆ ಎಷ್ಟು ಜಾಗರೂಕತೆ!

ಪ್ರಯಾಣಿಕನ ಗಂಟೆಗಳನ್ನು ಮಾತ್ರ ಯಾರೂ ಎಣಿಸುವುದಿಲ್ಲ. ರೋಹಿಣಿಯ ಮನೆಯಿಂದ ಪಾಲಂಗೆ ಒಂದೂವರೆ ಗಂಟೆ. ಅಲ್ಲಿ ಎರಡು ಗಂಟೆ ಮೊದಲೇ ಹಾಜರಿರಬೇಕು. ಇಳಿದ ಮೇಲೆ ಪೆಟ್ಟಿಗೆಗೆ ಕಾಯುತ್ತ ಅರ್ಧ ಗಂಟೆ, ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಒಂದೂವರೆ ಗಂಟೆ. ಅಲ್ಲಿಂದ ಬಸ್ಸೋ ರೈಲೋ ಹಿಡಿದು ಅರಸೀಕೆರೆ ಸೇರಲು, ಕಾಯುವುದೂ ಸೇರಿ, ನಾಲ್ಕು ಗಂಟೆ. ಹನ್ನೆರಡು ಗಂಟೆ ದಾಟಿತು! ಡಿಸೆಂಬರ್–ಜನವರಿಯ ಮಂಜು ಕವಿದರೆ ಈ ಲೆಕ್ಕವನ್ನೂ ಮರೆಯಬೇಕು.

ಇದು ಬರಿಯ ಅಂಕಿಯ ಜಗಳವಲ್ಲ. ಬೆಳಿಗ್ಗೆ ಆರಕ್ಕೆ ತಾಯಿ ಹೋದ ಸುದ್ದಿ ಬರುತ್ತದೆ. ಸಿಕ್ಕ ವಿಮಾನ ಹತ್ತಿ ಮಗ ಊರು ಮುಟ್ಟುವಾಗ ರಾತ್ರಿ, ಚಿತೆ ಆರಿರುತ್ತದೆ. “ಮನಸ್ಸಿದ್ದಿದ್ದರೆ ಮಧ್ಯಾಹ್ನಕ್ಕೇ ಬರುತ್ತಿದ್ದ” ಎಂಬ ಮಾತು ಜಗಲಿಯ ಮೇಲೆ ಕಾದಿರುತ್ತದೆ. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಸುಮಾರು 2,400 ಕಿ.ಮೀ. ದಾರಿಯನ್ನು ಒಂದೂವರೆ ದಿನಕ್ಕೂ ಮಿಕ್ಕಿ ಕುಳಿತು ಬರುತ್ತಿದ್ದವರನ್ನು ಯಾರೂ ಹೀಗೆ ಅನ್ನುತ್ತಿರಲಿಲ್ಲ. ದೂರವೆಂದರೆ ದೂರ ಎಂದು ಎಲ್ಲರೂ ಒಪ್ಪಿದ್ದರು. ವಿಮಾನ ಬಂದು ದೂರ ಎಷ್ಟು ಕಡಿಮೆಯಾಯಿತೋ ಕಾಣೆವು, ಹೊರನಾಡಿನವರ ನೆವ ಮಾತ್ರ ಇಲ್ಲವಾಯಿತು.

ಊರವರನ್ನೇ ದೂರಿ ಫಲವೇನು? ದೆಹಲಿಯಲ್ಲಿ 2011ರಿಂದ ವಿಮಾನ ನಿಲ್ದಾಣಕ್ಕೆ ಮೆಟ್ರೋ ಇದೆ. ನವದೆಹಲಿ ರೈಲು ನಿಲ್ದಾಣದಿಂದ ಸುಮಾರು 20 ನಿಮಿಷ. ಬೆಂಗಳೂರು 2008ರ ಮೇ ತಿಂಗಳಲ್ಲಿ ಊರೊಳಗಿನ ಎಚ್‌ಎಎಲ್ ನಿಲ್ದಾಣವನ್ನು ಪ್ರಯಾಣಿಕರ ವಿಮಾನಗಳಿಗೆ ಮುಚ್ಚಿ, ಸುಮಾರು 35 ಕಿ.ಮೀ. ಆಚೆ ದೇವನಹಳ್ಳಿಗೆ ನಮ್ಮನ್ನು ಕಳುಹಿಸಿತು. 2025 ಮುಗಿದರೂ ಅಲ್ಲಿಗೆ ಮೆಟ್ರೋ ಮುಟ್ಟಲಿಲ್ಲ. ಹದಿನೇಳು ವರ್ಷ! ಇಬ್ಬರು ಮುಖ್ಯಮಂತ್ರಿಗಳಲ್ಲ, ಎಷ್ಟೋ ಮಂದಿ ಬಂದು ಹೋದರು. ಹೊಸ ಟರ್ಮಿನಲ್ಲಿನ ಬಿದಿರಿನ ಚೆಲುವನ್ನು ಹೊಗಳಲು ನಮ್ಮ ಅಡ್ಡಿಯಿಲ್ಲ, ಆದರೆ ಅದರಿಂದಾಚೆ ಹೋಗುವ ದಾರಿಯನ್ನೂ ಯಾರಾದರೂ ಯೋಚಿಸಬೇಕಿತ್ತು.

ಮೈಸೂರಿನವರಿಗೆ ನಿಲ್ದಾಣದ ಬಾಗಿಲಲ್ಲೇ ಫ್ಲೈಬಸ್ ಸಿಗುತ್ತದೆ. ನಡುರಾತ್ರಿ ಇಳಿದರೂ ಪ್ರತಿ ಜಿಲ್ಲಾ ಕೇಂದ್ರಕ್ಕೆ ಅಂಥ ನೇರ ಬಸ್ಸು ಇರಲಿ. ಮೆಟ್ರೋ ಬರುವ ತನಕ ನಾವು ಕೇಳುವುದು ಇದನ್ನೇ. ಅಲ್ಲಿಯವರೆಗೆ ಊರಿನ ಬಂಧುಗಳು ಮುಹೂರ್ತ ಗೊತ್ತುಮಾಡುವಾಗ ಹನ್ನೆರಡು ಗಂಟೆ ಎಂದೇ ಎಣಿಸಲಿ.