ತಲೆ ಕೊಡಬಹುದು, ಬುಧವಾರ ಕೊಡಲಾಗದು

ಪ್ರೀತಿ ತಾನಾಗಿ ಹುಟ್ಟಬೇಕು, ಪ್ರಯತ್ನಪಟ್ಟು ಮಾಡಿದರೆ ಅದು ನಾಟಕ. ಈ ಮಾತನ್ನು ಸಿನಿಮಾ ಹಾಡುಗಳು ಹೇಳಿದರೆ ನನ್ನ ತಕರಾರಿಲ್ಲ. ಆದರೆ ಭಾನುವಾರ ತಪ್ಪದೆ ಆರಾಧನೆಗೆ ಬರುವ ಕ್ರೈಸ್ತರೂ ಇದನ್ನೇ ನಂಬಿ ನೆಮ್ಮದಿಯಾಗಿದ್ದಾರೆ, ತಕರಾರಿರುವುದು ಅಲ್ಲಿ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರಿಗೆ ಪರಸ್ಪರ ಪ್ರೀತಿಯನ್ನು ಹೊಸ ಆಜ್ಞೆಯಾಗಿ ಕೊಡುತ್ತಾನೆ. ಭಾವನೆಗೆ ಯಾರೂ ಆಜ್ಞೆ ಮಾಡಲಾರರು. ಆಜ್ಞೆ ಮಾಡಲು ಬರುವುದು ಕೆಲಸಕ್ಕೆ. ಅದೇ ಅಧ್ಯಾಯದ ಮೊದಲಲ್ಲಿ ಬೋಗುಣಿಗೆ ನೀರು ಹಾಕಿ, ಸೊಂಟಕ್ಕೆ ವಸ್ತ್ರ ಕಟ್ಟಿ ಅವರ ಕಾಲು ತೊಳೆದವನು ಅವನೇ. ಪ್ರೀತಿ ಎಂದರೇನು ಎಂಬ ವ್ಯಾಖ್ಯಾನ ಆ ಬೋಗುಣಿಯಲ್ಲಿದೆ.

ಸರ್ವಜ್ಞನ ಪಠ್ಯಗಳ ಬೆನ್ನುಹತ್ತಿದ ನನಗೆ ಹಿರೇಕೆರೂರು ಸೀಮೆಯ ಅಬಲೂರು ಮತ್ತೆ ಮತ್ತೆ ಎದುರಾಗುವ ಊರು. ಈ ಊರಿಗೆ ಎರಡು ನೆನಪುಗಳಿವೆ. ಒಂದು ಕಲ್ಲಿನ ಮೇಲಿದೆ. ಸೋಮೇಶ್ವರ ಗುಡಿಯ ಸುಮಾರು 1200ರ ಶಾಸನ ಏಕಾಂತದ ರಾಮಯ್ಯನ ಕಥೆ ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿದ, ತನ್ನ ತಲೆಯನ್ನೇ ಅರಿದು ಶಿವನಿಗೆ ಒಪ್ಪಿಸಿದ, ಏಳು ದಿನಗಳ ಮೇಲೆ ಅದನ್ನು ಮರಳಿ ಪಡೆದ, ಜಿನಬಿಂಬವನ್ನು ಒಡೆದ, ಬಿಜ್ಜಳನಿಂದ ಜಯಪತ್ರ ಪಡೆದ. ಹರಿಹರ ಅವನ ಮೇಲೆ ರಗಳೆಯನ್ನೇ ಬರೆದ. ಇನ್ನೊಂದು ನೆನಪು ಜನರ ಬಾಯಲ್ಲಿದೆ: ಇದು ಸರ್ವಜ್ಞ ಹುಟ್ಟಿದ ಊರು ಎಂಬ ಪ್ರತೀತಿ.

ಆ ಸರ್ವಜ್ಞ ಇವತ್ತು ನಮ್ಮ ಕೈಯಲ್ಲಿ ಪುಸ್ತಕವಾಗಿ ಇರಲು ಒಬ್ಬ ಪಾದ್ರಿ ಕಾರಣ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಶನ್ನಿನ ದೈವಜ್ಞಾನ ಶಾಲೆಯಲ್ಲಿ ಓದಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಊರೂರು ತಿರುಗಿ, ಓಲೆಗರಿ ಕೂಡಿಸಿ, ಬಲ್ಲವರ ಬಾಯಿಂದ ಕೇಳಿ ಬರೆದುಕೊಂಡು, ಪಾಠ ಪಾಠಕ್ಕೆ ತಾಳೆ ನೋಡಿ, ಸುಮಾರು ಎರಡು ಸಾವಿರ ತ್ರಿಪದಿಗಳನ್ನು 1924ರಲ್ಲಿ ಅಚ್ಚು ಹಾಕಿಸಿದರು. ಕಾಲು ಶತಮಾನದ ನಂತರ, 1949ರಲ್ಲಿ, ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಯಾವ ದಿನವೂ ಅವರ ತಲೆ ಬೀಳಲಿಲ್ಲ, ಯಾವ ಪವಾಡವೂ ನಡೆಯಲಿಲ್ಲ. ನಡೆದದ್ದು ಒಂದಾದ ಮೇಲೊಂದು ಸಾಮಾನ್ಯ ದಿನ.

ನನ್ನ ವಾದ ಇಷ್ಟೇ. ಭಕ್ತಿಯೆಂದರೆ ನಮಗೆ ರಾಮಯ್ಯನ ಮಾದರಿಯೇ ರುಚಿಸುತ್ತದೆ. ಒಂದೇ ಏಟು, ನೋಡಲು ಜನ, ಕೊನೆಗೊಂದು ಜಯಪತ್ರ. ತಲೆ ಒಮ್ಮೆ ಕೊಟ್ಟರೆ ಮುಗಿಯಿತು. ಬುಧವಾರ ಹಾಗಲ್ಲ, ವಾರ ವಾರವೂ ಬರುತ್ತದೆ. ಆ ಬುಧವಾರವನ್ನು ಮಂಡಿನೋವಿನ ಅತ್ತೆಗೆ, ಮಾತು ಬಿಟ್ಟ ತಮ್ಮನಿಗೆ, ಹಿಂದಿನ ಬೆಂಚಿನ ಮುದುಕಿಗೆ ಕೊಡಲು ನಮ್ಮಿಂದಾಗದು.

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು, ಏಕೆಂದರೆ ಅವರಿಗೆ ಬೇರೆ ದಾರಿಯಿರಲಿಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂತು. ದೀಕ್ಷಾಸ್ನಾನ ಪಡೆದವನಿಗೆ ಅದೇ ದಿನ ಮನೆಯ ಬಾಗಿಲು ಮುಚ್ಚುತ್ತಿತ್ತು. ಕುಲ ಹೋದ ಮೇಲೆ ಕಸುಬೂ ಹೋಗುತ್ತಿತ್ತು, ಬಾವಿಯ ನೀರೂ ಹೋಗುತ್ತಿತ್ತು. ಅಂಥವನಿಗೆ 'ನಾವು ನಿನ್ನನ್ನು ಪ್ರೀತಿಸುತ್ತೇವೆ' ಎಂದು ಹಾಡಿದರೆ ಹೊಟ್ಟೆ ತುಂಬೀತೆ? ಮಂಗಳೂರಿನಲ್ಲಿ 1851ರಲ್ಲಿ ಮಗ್ಗದ ಕಾರ್ಖಾನೆ, 1865ರಲ್ಲಿ ಹೆಂಚಿನ ಕಾರ್ಖಾನೆ ಎದ್ದದ್ದರ ಹಿಂದೆ ಈ ಪ್ರಶ್ನೆಯಿತ್ತು. ಮಿಶನ್ನಿನ ಯಜಮಾನಿಕೆಯ ಬಗ್ಗೆ, ಅದರ ಕಟ್ಟುಪಾಡುಗಳ ಬಗ್ಗೆ ಹೇಳಬೇಕಾದ್ದು ಬಹಳವಿದೆ. ಆದರೂ ಸಹವಿಶ್ವಾಸಿಯ ಮೇಲಿನ ಪ್ರೀತಿ ಎಂದರೆ ಅವನಿಗೊಂದು ಕೆಲಸ, ಒಂದು ಸೂರು, ಮಗುವಿಗೊಂದು ಶಾಲೆ ಎಂದು ಯಾರೋ ಕೂತು ಲೆಕ್ಕ ಹಾಕಿದ್ದರು. ಅದು ಯೋಜಿಸಿ ಮಾಡಿದ ಪ್ರೀತಿ.

ಇವತ್ತು? ನಾನು ಬೆಳೆದ ಸಭೆಯಲ್ಲಿ ಕಾಣಿಕೆಗೆ ಪುಸ್ತಕವಿದೆ, ಸಮಾಧಿ ಜಾಗಕ್ಕೆ ಪುಸ್ತಕವಿದೆ, ಚುನಾವಣೆಯ ಮತದಾರರ ಪಟ್ಟಿಯಂತೂ ತಪ್ಪಿಲ್ಲದೆ ಇದೆ. ಎಷ್ಟೋ ವರ್ಷ ಒಂದೇ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕಾಲು ಸೋತು ಬರುವುದು ನಿಂತಾಗ, ಅದನ್ನು ಬರೆದುಕೊಳ್ಳಲು ಯಾವ ಪುಸ್ತಕವೂ ಇರಲಿಲ್ಲ. ನಾಲ್ಕು ತಿಂಗಳು ಯಾರೂ ಕೇಳಲಿಲ್ಲ. ತೀರಿಕೊಂಡ ದಿನ ಗೇಟಿಗೆ ಫ್ಲೆಕ್ಸ್ ಬಂತು. ಸಂಬಂಧ ಕುದುರಿಸುವಾಗ 'ಮೊದಲು ಯಾವ ಮಂದಿ' ಎಂದು ತಗ್ಗಿದ ದನಿಯಲ್ಲಿ ಕೇಳುವುದನ್ನು ಅದೇ ಸಭೆಯಲ್ಲಿ ಕೇಳಿದ್ದೇನೆ. ಕರ್ತನ ಮೇಜಿನಲ್ಲಿ ಒಂದೇ ರೊಟ್ಟಿ, ಮದುವೆಯ ಮೇಜಿನಲ್ಲಿ ಕುಲ. ಇದರ ನಡುವೆ ಸಹೋದರ ಪ್ರೀತಿಯ ಮೇಲೆ ಪ್ರಸಂಗ ಮಾಡುವುದು ಸುಳ್ಳು ಹೇಳಿದಂತೆಯೇ.

ಮನೆಯೊಳಗೂ ಇದೇ ಕಥೆ. ಪ್ರಾರ್ಥನಾ ಕೂಟಕ್ಕೆಂದು ಮೂರು ತಾಲ್ಲೂಕು ಸುತ್ತುವ ಹಿರಿಯರಿಗೆ, ಅಡುಗೆಮನೆಯಲ್ಲಿ ಹೆಂಡತಿ ಯಾವ ಮಾತ್ರೆ ನುಂಗುತ್ತಾಳೆಂಬುದು ಗೊತ್ತಿರುವುದಿಲ್ಲ. 'ನಮ್ಮವರೇ ಅಲ್ಲವೇ' ಎಂಬ ಎರಡು ಪದ ಎಷ್ಟು ಅಲಕ್ಷ್ಯವನ್ನು ಮುಚ್ಚಿಡುತ್ತವೆ ನೋಡಿ. ನಮ್ಮವರು ಎಂಬ ಕಾರಣಕ್ಕೇ ಅವರಿಗೆ ಧನ್ಯವಾದವಿಲ್ಲ, ಕ್ಷಮೆಯಿಲ್ಲ, ಸಮಯವಿಲ್ಲ.

ಎರಡು ಆಕ್ಷೇಪಗಳು ಬರುತ್ತವೆ. ನಿಶ್ಚಯಿಸಿ ತೋರಿಸುವ ಪ್ರೀತಿ ಕೃತಕವಲ್ಲವೇ ಎಂಬುದು ಮೊದಲನೆಯದು. ನಸುಕಿನಲ್ಲೆದ್ದು ರೊಟ್ಟಿ ಬಡಿಯುವ ತಾಯಿಗೆ ದಿನವೂ ಉಕ್ಕಿ ಬರುವ ಭಾವವಿರುತ್ತದೆಯೇ? ಬಹಳ ದಿನ ಇರುವುದು ಬೆನ್ನುನೋವು. ಆದರೂ ಬಡಿಯುತ್ತಾಳೆ, ಅದನ್ನು ಯಾರೂ ನಾಟಕ ಎನ್ನುವುದಿಲ್ಲ. ಅವಳೊಬ್ಬಳಿಗೇ ಆ ನಿಶ್ಚಯವನ್ನು ವಹಿಸಿ, ಉಳಿದವರು ಸಹಜ ಪ್ರೀತಿಯ ತತ್ವ ಮಾತಾಡುವುದೇ ನಿಜವಾದ ನಾಟಕ.

ಎರಡನೆಯದು ಹೆಚ್ಚು ಗಟ್ಟಿ. ಮನೆಯವರನ್ನೂ ಸಹವಿಶ್ವಾಸಿಗಳನ್ನೂ ಪ್ರೀತಿಸಿ ಎಂದರೆ ಅದು ಗುಂಪುಗಾರಿಕೆಯಾಗದೇ? ಆಗಬಹುದು; ನಮ್ಮವರ ಮೇಲಿನ ನಿಷ್ಠೆ ಪರರ ಬಿಂಬ ಒಡೆಯುವವರೆಗೂ ಹೋಗಬಹುದೆಂದು ಅಬಲೂರಿನ ಕಲ್ಲೇ ಸಾಕ್ಷಿ ಹೇಳುತ್ತದೆ. ಪ್ರೀತಿಸುವವರನ್ನಷ್ಟೇ ಪ್ರೀತಿಸಿದರೆ ಏನು ಹೆಚ್ಚಾಯಿತು ಎಂದು ಯೇಸುವೂ ಕೇಳಿದ್ದಾನೆ. ಆದರೆ ಹತ್ತಿರದವರನ್ನು ಪ್ರೀತಿಸುವುದು ಬೇಲಿಯಲ್ಲ, ಅಭ್ಯಾಸ. ದಿನವೂ ಕಾಣುವ, ದಿನವೂ ಸಿಟ್ಟು ಬರಿಸುವ ನಾಲ್ಕು ಜನರೊಂದಿಗೆ ತಾಳ್ಮೆ ಕಲಿಯದವನು ದೂರದವರಿಗೆ ಕೊಡುವುದು ಬರೀ ಭಾಷಣ. ಉತ್ತಂಗಿಯವರು ಪಾದ್ರಿತನ ಬಿಡದೆಯೇ ಸರ್ವಜ್ಞನ ಬಳಿಗೆ, ಬಸವಣ್ಣನ ಬಳಿಗೆ ನಡೆದರು. 'ನಮ್ಮ ಪಾದ್ರಿ' ಎಂದು ಅವರ ಫೋಟೋಕ್ಕೆ ಹಾರ ಹಾಕುವ ಸಭೆಗಳು, ಅವರ ಪುಸ್ತಕ ತೆರೆದು ಆ ತಾಳ್ಮೆಯನ್ನು ಪುಟ ಪುಟವಾಗಿ ಎಣಿಸಲಿ.

ಸಭೆಗಳಿಗೆ ನನ್ನ ಬೇಡಿಕೆ ಒಂದೇ, ಅದಕ್ಕೆ ಮೂವತ್ತು ರೂಪಾಯಿ ಸಾಕು. ಒಂದು ನೋಟ್‌ಬುಕ್ ತನ್ನಿ. ಕಾಣಿಕೆ ಕೊಟ್ಟವರ ಹೆಸರು ಅದರಲ್ಲಿ ಬೇಡ. ಈ ವಾರ ಯಾರು ಬರಲಿಲ್ಲ, ಅವರ ಮನೆಗೆ ಯಾರು ಹೋದರು, ಯಾವ ಬುಧವಾರ ಹೋದರು ಎಂದಷ್ಟೇ ಬರೆಯಿರಿ. ಆರು ತಿಂಗಳಾದರೂ ಪುಟ ಖಾಲಿಯಿದ್ದರೆ, ಪ್ರೀತಿಯ ಮೇಲಿನ ಪ್ರಸಂಗವನ್ನು ಅಲ್ಲಿಯವರೆಗೆ ನಿಲ್ಲಿಸಿ.