ಕೊಂಡಿಗೆ ಬೆಸೆದ ಒಂದೂವರೆ ಅಡಿ



ಹತ್ತಿ ಬಿಡಿಸುವ ಕಾಲದಲ್ಲಿ ಒಂದು ಸಂಜೆ ನಮ್ಮ ದೇವಾಲಯದ ಹಿಂದಿನ ಸಂದಿಯಲ್ಲಿ ಹತ್ತಿ ಚೀಲ ತುಂಬಿದ ಟ್ರೇಲರ್ ಒಂದು ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಿತ್ತು. ಓಡಿಸುತ್ತಿದ್ದ ಹುಡುಗ ಹೊಸಬನೇನಲ್ಲ, ಏಳೆಂಟು ವರ್ಷದಿಂದ ಅದೇ ಗಾಡಿ ಓಡಿಸುವವನು. ಹಿಂದಕ್ಕೆ ತೆಗೆಯಲು ಹೋದಾಗಲೆಲ್ಲ ಟ್ರೇಲರ್ ಥಟ್ಟನೆ ಮಡಚಿಕೊಂಡು ಗೋಡೆಯ ಕಡೆ ತಿರುಗುತ್ತಿತ್ತು. ಅವನ ತಂದೆ ಕಟ್ಟೆಯ ಮೇಲೆ ನಿಂತು ಬೈಯುತ್ತಿದ್ದರು. ಹುಡುಗ ನನ್ನ ಕಡೆ ನೋಡಿ, "ಫಾದರ್, ಹೋದ ವರ್ಷ ಇದೇ ಸಂದಿಯಾಗ ಒಂದೇ ಸಲಕ್ಕ ತೆಗೀತಿದ್ದೆ. ಈ ಸಲ ಗಾಡಿ ನನ್ನ ಮಾತೇ ಕೇಳವಲ್ದು" ಎಂದ.

ಬಗ್ಗಿ ನೋಡಿದೆ. ಟ್ರ್ಯಾಕ್ಟರಿನ ಡ್ರಾಬಾರಿಗೆ ಒಂದೂವರೆ ಅಡಿ ಉದ್ದದ ಕಬ್ಬಿಣದ ತುಂಡು ಬೆಸೆದಿತ್ತು. ವಿಚಾರಿಸಿದರೆ, ಹೊಲದ ಬಾಗಿಲಲ್ಲಿ ಬಿಗಿಯಾಗಿ ತಿರುಗಿಸುವಾಗ ಟ್ರೇಲರಿನ ಮುಂದಿನ ಮೂಲೆ ದೊಡ್ಡ ಟಯರಿಗೆ ಉಜ್ಜುತ್ತಿತ್ತಂತೆ. ಅದನ್ನು ತಪ್ಪಿಸಲು ತಂದೆಯೇ ವೆಲ್ಡಿಂಗ್ ಅಂಗಡಿಗೆ ಹೋಗಿ ಮಾಡಿಸಿದ ಕೆಲಸ. ಟಯರ್ ಉಳಿಯಿತು. ಮಗ ಮಾತ್ರ ಒಂದೇ ರಾತ್ರಿಯಲ್ಲಿ ಗಾಡಿ ಓಡಿಸಲು ಬಾರದವನಾದ!

ಸೆಮಿನರಿಯಲ್ಲಿ ಓದಿದ ಸ್ವಾಮಿಗಳಿಗೆ ಟ್ರ್ಯಾಕ್ಟರಿನ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ನಾನೂ ಬಂಡಿ ಹೂಡುವ ಮನೆಯಲ್ಲೇ ಹುಟ್ಟಿದವನು. ಆ ಬಂಡಿಯನ್ನೇ ಮೊದಲು ನೆನಪಿಸಿಕೊಳ್ಳೋಣ. ಹೇರು ಹೇರುವಾಗ ನಮ್ಮ ಹಿರಿಯರು ನೊಗವನ್ನು ಕೈಯಲ್ಲಿ ಎತ್ತಿ ತೂಗಿ ನೋಡುತ್ತಿದ್ದರು. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಹುಣ್ಣಾಗುತ್ತಿತ್ತು. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತಿತ್ತು. ಎತ್ತು ಒದ್ದಾಡಿ ತೋರಿಸುತ್ತಿತ್ತು, ನಾವು ಸರಿಪಡಿಸುತ್ತಿದ್ದೆವು. ಟ್ರ್ಯಾಕ್ಟರ್ ಒದ್ದಾಡುವುದಿಲ್ಲ. ಅದರ ಕಷ್ಟ ನಮಗೆ ತಿಳಿಯುವುದು ಮುಂದಿನ ಗಾಲಿ ನೆಲ ಬಿಟ್ಟಾಗಲೇ.

ಎರಡು ಗಾಲಿಯ ಟ್ರೇಲರಿನ ಮೂಗು ಟ್ರ್ಯಾಕ್ಟರಿನ ಕೊಂಡಿಯ ಮೇಲೆ ಕೂರುತ್ತದೆ. ಅದರ ಭಾರ ಐದು ಕ್ವಿಂಟಲ್ ಎಂದಿಟ್ಟುಕೊಳ್ಳಿ. ಟ್ರ್ಯಾಕ್ಟರಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಸುಮಾರು ಆರೂವರೆ ಅಡಿ. ಕೊಂಡಿ ಹಿಂದಿನ ಅಚ್ಚಿನಿಂದ ಎರಡು ಅಡಿ ಹಿಂದೆ ಇದ್ದರೆ, ಆ ಐದು ಕ್ವಿಂಟಲ್ ಸನ್ನೆಕೋಲಿನಂತೆ ವರ್ತಿಸಿ ಮುಂದಿನ ಗಾಲಿಗಳ ಮೇಲಿಂದ ಸುಮಾರು ಒಂದೂವರೆ ಕ್ವಿಂಟಲ್ ಭಾರ ಎತ್ತಿಬಿಡುತ್ತದೆ. ಒಂದೂವರೆ ಅಡಿ ತುಂಡು ಸೇರಿಸಿ ಕೊಂಡಿಯನ್ನು ಮೂರೂವರೆ ಅಡಿ ಹಿಂದಕ್ಕೆ ಒಯ್ದಿರೋ, ಅದೇ ಐದು ಕ್ವಿಂಟಲ್ ಈಗ 2.7 ಕ್ವಿಂಟಲ್ ಎತ್ತುತ್ತದೆ. ಟ್ರೇಲರಿನಲ್ಲಿ ಒಂದು ಚೀಲವೂ ಹೆಚ್ಚಾಗಿಲ್ಲ, ಸ್ಟೇರಿಂಗ್ ಮಾತ್ರ ಹಗುರವಾಗಿದೆ. "ಈಗ ಬೆರಳಲ್ಲೇ ತಿರುಗಿಸಬಹುದು" ಎಂದು ಹಿಗ್ಗುವವರನ್ನೂ ನಾನು ಕಂಡಿದ್ದೇನೆ. ತುಂಡು ಬೆಸೆದ ಮೇಲೆ ಹಗುರವಾದ ಸ್ಟೇರಿಂಗ್ ಎಂದರೆ ನೆಲ ಕಚ್ಚದ ಗಾಲಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇನ್ನು ಹಿಂದಕ್ಕೆ ತೆಗೆಯುವ ಮಾತು. ಕೊಂಡಿ ಅಚ್ಚಿಗೆ ಹತ್ತಿರವಿದ್ದಾಗ ಟ್ರ್ಯಾಕ್ಟರ್ ಸ್ವಲ್ಪ ಹೊರಳಿದರೆ ಕೊಂಡಿ ಬೆರಳಷ್ಟು ಪಕ್ಕಕ್ಕೆ ಸರಿಯುತ್ತದೆ. ದೂರವಿದ್ದಾಗ ಅಷ್ಟೇ ಹೊರಳಿಗೆ ಅದಕ್ಕಿಂತ ಹೆಚ್ಚು ಸರಿಯುತ್ತದೆ. ಟ್ರೇಲರ್ ಕೂಡಲೇ ಆ ಕಡೆ ಮಡಚುತ್ತದೆ. ಏಳೆಂಟು ವರ್ಷದಲ್ಲಿ ಹುಡುಗನ ಕೈ ಕಲಿತ ಲೆಕ್ಕ ಎಲ್ಲವೂ ಸುಳ್ಳಾಗುತ್ತದೆ. ಮೆತ್ತನೆಯ ನೆಲದಲ್ಲಿ ಟ್ರೇಲರ್ ಓರೆಯಾಗಿ ಎದುರು ತಳ್ಳಿದಾಗ, ಆ ಉದ್ದದ ತುಂಡೇ ಟ್ರ್ಯಾಕ್ಟರಿನ ಹಿಂಭಾಗವನ್ನು ಒಂದು ಕಡೆಗೆ ದೂಡುತ್ತದೆ. ಹಗುರವಾದ ಮುಂದಿನ ಗಾಲಿ ತಡೆಯಲಾರದೆ ಜಾರುತ್ತದೆ. ಆ ಸಂಜೆ ನಾನು ಕಂಡದ್ದು ಇದನ್ನೇ.

ಹಾಗಾದರೆ ಟಯರಿಗೆ ಉಜ್ಜುವ ತೊಂದರೆಗೆ ಏನು ಮಾಡಬೇಕು? ನನ್ನ ಅಭಿಪ್ರಾಯ ಇಷ್ಟು: ಉದ್ದ ಬೇಕಾದರೆ ಟ್ರೇಲರಿನ ಮೂಗಿಗೆ ಸೇರಿಸಿ, ಟ್ರ್ಯಾಕ್ಟರಿನ ಡ್ರಾಬಾರನ್ನು ಮುಟ್ಟಬೇಡಿ. ಕೊಂಡಿಯಿಂದ ಟ್ರೇಲರಿನ ಅಚ್ಚಿನವರೆಗಿನ ದೂರ ಹೆಚ್ಚಿದಷ್ಟೂ ಟ್ರೇಲರ್ ನಿಧಾನವಾಗಿ ತಿರುಗುತ್ತದೆ, ಹಿಂದಕ್ಕೆ ತೆಗೆಯುವವನಿಗೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಮೂಗಿನ ಭಾರವೂ ಸ್ವಲ್ಪ ಇಳಿಯುತ್ತದೆ. ಒಂದು ನಷ್ಟವಿದೆ, ಅದನ್ನೂ ಹೇಳಬೇಕು. ಉದ್ದ ಮೂಗಿನ ಟ್ರೇಲರ್ ತಿರುವಿನಲ್ಲಿ ಒಳಬದಿಗೆ ಹೆಚ್ಚು ಕತ್ತರಿಸಿಕೊಂಡು ಹೋಗುತ್ತದೆ. ಬಿಗಿ ತಿರುವಿನಲ್ಲಿ ಒಂದೂವರೆ ಅಡಿ ಉದ್ದಕ್ಕೆ ಒಂದಡಿಗೂ ಮೀರಿ ಒಳಗೆ ಬರುತ್ತದೆ. ಹೊಲದ ಬಾಗಿಲ ಕಂಬ, ಬದು, ಕಾಲುವೆಯ ತೂಬು ಇವುಗಳ ಬಳಿ ಅಗಲವಾಗಿ ತಿರುಗಿಸಬೇಕು. ಡ್ರಾಬಾರಿಗೆ ಸೇರಿಸಿದ ತುಂಡು ಈ ಕತ್ತರಿಸುವುದನ್ನು ಕಡಿಮೆ ಮಾಡುತ್ತದೆ ಎಂದು ವಾದಿಸುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಲೆಕ್ಕ ಹಾಕಿದರೆ ಆ ಲಾಭ ಸಣ್ಣದು. ಅಷ್ಟಕ್ಕಾಗಿ ಮುಂದಿನ ಗಾಲಿ ಕಳೆದುಕೊಳ್ಳಬೇಕೇ?

ಮೂಗು ಉದ್ದ ಮಾಡಿಸುವುದೂ ತುದಿಗೆ ತುಂಡು ಅಂಟಿಸುವ ಕೆಲಸವಲ್ಲ. ಹೊಸ ಕಬ್ಬಿಣವನ್ನು ಟ್ರೇಲರಿನ ಚೌಕಟ್ಟಿನ ಕೆಳಗೆ ಹಿಂದಕ್ಕೆ ಹಾಯಿಸಿ ಕೂರಿಸಬೇಕು. ಟ್ರೇಲರ್ ಕಟ್ಟುವ ಕಾರ್ಖಾನೆಯವರು ಮಾಡಬೇಕಾದ ಕೆಲಸ ಇದು. ರಸ್ತೆ ಬದಿಯ ವೆಲ್ಡಿಂಗ್ ಹುಡುಗನನ್ನು ನಾನು ದೂರುವುದಿಲ್ಲ. ಅವನು ಕೇಳಿದ್ದನ್ನು ಮಾಡಿಕೊಡುತ್ತಾನೆ.

ಉದ್ದಕ್ಕಿಂತ ಕೆಟ್ಟದ್ದು ಎತ್ತರ. ನಮ್ಮ ಎರೆ ನೆಲ ಮಳೆಗೆ ಹೇಗಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಟ್ರೇಲರ್ ಹೂತು ನಿಂತಾಗ ಕೆಲವರು ಸರಪಳಿಯನ್ನು ಟಾಪ್ ಲಿಂಕಿನ ಜಾಗಕ್ಕೋ, ಎತ್ತಿ ನಿಲ್ಲಿಸಿದ ಹೈಡ್ರಾಲಿಕ್ ತೋಳುಗಳಿಗೋ ಕಟ್ಟಿ ಎಳೆಯುತ್ತಾರೆ. ಮೇಲಿಂದ ಎಳೆದರೆ ಹಿಂದಿನ ಗಾಲಿಗೆ ಭಾರ ಬಿದ್ದು ಹಿಡಿತ ಬರುತ್ತದೆ ಎಂಬ ಎಣಿಕೆ. ಹಿಡಿತ ಬರುವುದೂ ನಿಜ. ಗಾಲಿ ಕೆಸರಲ್ಲಿ ಬಿಗಿಯಾಗಿ ನಿಂತರೆ ಎಂಜಿನ್ನಿನ ಶಕ್ತಿ ಗಾಲಿಯನ್ನು ತಿರುಗಿಸಲಾರದೆ ಟ್ರ್ಯಾಕ್ಟರಿನ ಮೈಯನ್ನೇ ಅಚ್ಚಿನ ಸುತ್ತ ಮೇಲೆತ್ತುತ್ತದೆ. ಸರಪಳಿ ಕೆಳಗಿನ ಡ್ರಾಬಾರಿಗೆ ಇದ್ದರೆ, ಮೂತಿ ಎದ್ದಂತೆ ಡ್ರಾಬಾರ್ ನೆಲದ ಕಡೆ ಇಳಿದು ಎಳೆತ ಸಡಿಲವಾಗುತ್ತದೆ. ಅಚ್ಚಿಗಿಂತ ಮೇಲೆ ಕಟ್ಟಿದ್ದರೆ ಸಡಿಲವಾಗುವುದಿಲ್ಲ, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ. ಇದಕ್ಕೆ ಒಂದೂವರೆ ಸೆಕೆಂಡು ಸಾಕು. ಕ್ಲಚ್ ತುಳಿಯಬೇಕೆಂದು ತೋಚುವಷ್ಟರಲ್ಲಿ ಸ್ಟೇರಿಂಗ್ ಎದೆಯ ಮೇಲಿರುತ್ತದೆ. ಹೂತಾಗ ಅರ್ಧ ಹೇರು ಇಳಿಸಿ. ಒಂದು ಗಂಟೆ ಹೋಗುತ್ತದೆ, ಹೋಗಲಿ.

ನಮ್ಮಲ್ಲಿ ಟ್ರೇಲರ್ ಬರೀ ಹೇರು ಒಯ್ಯುವುದಿಲ್ಲ. ತುಂಗಭದ್ರಾ ಕೆಳಮಟ್ಟದ ಕಾಲುವೆಯ ದಂಡೆಯ ಮೇಲೆ ಬೆಳಗಿನ ಜಾವ ಮೆಣಸಿನಕಾಯಿ ಬಿಡಿಸಲು ಹೋಗುವ ಹೆಂಗಸರನ್ನು ತುಂಬಿಕೊಂಡು ಹೋಗುವುದೂ ಇದೇ ಟ್ರೇಲರ್. 2018ರ ಏಪ್ರಿಲ್‌ನಲ್ಲಿ ನಲ್ಗೊಂಡ ಜಿಲ್ಲೆಯಲ್ಲಿ ಹೀಗೆಯೇ ಮೆಣಸಿನಕಾಯಿ ಕೂಲಿಗೆ ಹೊರಟವರ ಟ್ರ್ಯಾಕ್ಟರ್ ಕಾಲುವೆಗೆ ಉರುಳಿ ಒಂಬತ್ತು ಮಂದಿ ಹೆಂಗಸರು ಸತ್ತರು. ಅದೇ ವರ್ಷ ಜೂನ್‌ನಲ್ಲಿ ವೇಮುಲಕೊಂಡದ ಬಳಿ ಮತ್ತೊಂದು ಉರುಳಿ ಹತ್ತಕ್ಕೂ ಹೆಚ್ಚು ಮಂದಿ ಹೋದರು. ಅವುಗಳಿಗೆ ಕೊಂಡಿ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ದಂಡೆಯ ಮೇಲೆ ಮುಂದಿನ ಗಾಲಿ ಹಗುರವಾಗಿರುವ ಟ್ರ್ಯಾಕ್ಟರ್ ಕಂಡರೆ ನನಗೆ ಆ ಸುದ್ದಿಗಳೇ ನೆನಪಾಗುತ್ತವೆ. ಟ್ರೇಲರಿನಲ್ಲಿ ಜನರನ್ನು ಒಯ್ಯಲೇಬಾರದು. ಈ ಮಾತು ಹೇಳಿ ಹೇಳಿ ಸಾಕಾಗಿದೆ, ಆದರೂ ಹೇಳುತ್ತೇನೆ.

ಹೇರಿನ ಬಗ್ಗೆ ಒಂದು ಮಾತು. ಆದವಾನಿ ಮಾರುಕಟ್ಟೆಯಲ್ಲಿ ಚೀಲ ಇಳಿಸುವಾಗ ಮುಂದಿನವನ್ನೇ ಮೊದಲು ಇಳಿಸಿದರೆ ಟ್ರೇಲರ್ ಹಿಂಭಾರವಾಗುತ್ತದೆ. ಆಗ ಪಿನ್ನು ತೆಗೆದರೆ ಮೂಗು ಗದ್ದಕ್ಕೆ ಬಡಿಯುವಂತೆ ಮೇಲೇಳುತ್ತದೆ. ಹಿಂದಿನಿಂದ ಇಳಿಸಿ. ಗಾಲಿಗೆ ಕಲ್ಲು ಕೊಡದೆ ಪಿನ್ನಿಗೆ ಕೈ ಹಾಕಬೇಡಿ. ಪಿನ್ನಿನ ಬದಲು ಹಳೆಯ ಬೋಲ್ಟು ಹಾಕಿ ತಂತಿ ಸುತ್ತುವ ಚಾಳಿಯನ್ನೂ ಬಿಡಿ.

ನಾಲ್ಕು ಗಾಲಿಯ ಟ್ರೇಲರ್ ಇದ್ದವರಿಗೆ ಮೂಗಿನ ಭಾರದ ಚಿಂತೆ ಇಲ್ಲ. ಆದರೆ ಅದು ಎರಡು ಕಡೆ ಮಡಚುವುದರಿಂದ ಹಿಂದಕ್ಕೆ ತೆಗೆಯುವುದು ಬೇರೆಯೇ ವಿದ್ಯೆ. ಖಾಲಿ ಟ್ರೇಲರನ್ನು ಇಕ್ಕಟ್ಟಿನ ಕೊಟ್ಟಿಗೆಗೆ ಸೇರಿಸಲು ಟ್ರ್ಯಾಕ್ಟರಿನ ಮುಂದಿನ ಕೊಂಡಿಗೆ ಸಿಕ್ಕಿಸಿ ತಳ್ಳುವವರಿದ್ದಾರೆ. ಅದು ಒಳ್ಳೆಯ ಉಪಾಯ. ತಿರುಗುವ ಗಾಲಿ ಕೊಂಡಿಯ ಪಕ್ಕದಲ್ಲೇ ಇರುತ್ತದೆ, ಕತ್ತು ಹೊರಳಿಸದೆ ಎಲ್ಲವೂ ಕಾಣುತ್ತದೆ. ಖಾಲಿ ಇದ್ದಾಗ ಮಾತ್ರ, ನಿಧಾನವಾಗಿ.

ಅನಂತಪುರದ ಹತ್ತಿರ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಇದೆ. ಅಲ್ಲಿ ರೈತರಿಗೂ ಯುವಕರಿಗೂ ತರಬೇತಿ ಕೊಡುತ್ತಾರೆ. ಟ್ರ್ಯಾಕ್ಟರಿಗೆ ಲಕ್ಷಗಟ್ಟಲೆ ಸುರಿಯುವ ನಾವು ಅದನ್ನು ಓಡಿಸುವ ಮಗನನ್ನು ಕೆಲವು ದಿನ ಅಲ್ಲಿಗೆ ಕಳಿಸಲು ಏಕೆ ಹಿಂಜರಿಯುತ್ತೇವೋ ನನಗೆ ತಿಳಿಯದು.

ಆ ಸಂದಿಯ ಟ್ರ್ಯಾಕ್ಟರಿನ ತುಂಡನ್ನು ಇನ್ನೂ ಕತ್ತರಿಸಿಲ್ಲ. ಸುಗ್ಗಿ ಮುಗಿಯಲಿ ಎನ್ನುತ್ತಿದ್ದಾರೆ ತಂದೆ. ಬರುವ ಭಾನುವಾರ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತ ಟ್ರ್ಯಾಕ್ಟರುಗಳ ಬಳಿ ನಾನು ಅಳತೆ ಪಟ್ಟಿ ಹಿಡಿದು ಬರುತ್ತೇನೆ. ಹಿಂದಿನ ಅಚ್ಚಿನಿಂದ ಕೊಂಡಿಗೆ ಎಷ್ಟು, ನೆಲದಿಂದ ಕೊಂಡಿಗೆ ಎಷ್ಟು ಎಂದು ಒಟ್ಟಿಗೆ ಅಳೆದು ನೋಡೋಣ. ಗಾಡಿ ಓಡಿಸುವ ಮಕ್ಕಳೂ ಬರಲಿ.